ಬೀರಮ್ಮನ ಹುಳುಮನೆಯಲ್ಲಿ ಕ್ಯಾಪ್ಟನ್ ಭೂಪಾಲ

ನನ್ನ ಅಕ್ಕ ಭದ್ರಮ್ಮ ಹುಟ್ಟಾ ಪುಕ್ಕಲಿ. ಹಲ್ಲಿ ಕಂಡರೆ ಹೆದರುತ್ತಿದ್ದಳು, ತಿರುವಿನಲ್ಲಿ ಬಸ್ಸು ವಾಲಿದರೆ ಹೆದರುತ್ತಿದ್ದಳು, ಯಾರಾದರೂ ಜೋರಾಗಿ ಅವಳ ಹೆಸರು ಕೂಗಿದರೆ ತಾನೇನೋ ತಪ್ಪು ಮಾಡಿದ್ದೇನೆ ಅಂತಲೇ ಹೆದರುತ್ತಿದ್ದಳು. ಈಗ ಮೊಮ್ಮಕ್ಕಳಾಗಿವೆ, ಈಗಲೂ ಹಾಗೇ. ಇಂಥವಳನ್ನು ನಮ್ಮಪ್ಪ ಸಾತನೂರಿನಿಂದ ವಿರೂಪಾಕ್ಷಿಪುರದ ಬೀರಮ್ಮನ ಮನೆಗೆ ಸೊಸೆ ಮಾಡಿ ಕಳಿಸಿದ. ಬೀರಮ್ಮ ಬಾಗಿಲಲ್ಲಿ ನಿಂತು ಮಾತಾಡಿದರೆ ಎದುರು ಬೀದಿಯವರು ಕಿಟಕಿ ಹಾಕಿಕೊಳ್ಳುತ್ತಿದ್ದರು. ಭಾವ ಪುಟ್ಟಲಿಂಗಯ್ಯ ಒಳ್ಳೆಯವನೇ, ಆದರೆ ತಾಯಿಯ ಮುಂದೆ ಅವನಿಗೂ ಬಾಯಿ ಇರಲಿಲ್ಲ.

ಅದು ಎಲ್ಲರೂ ರೇಷ್ಮೆಗೆ ಬಿದ್ದಿದ್ದ ಕಾಲ. ರಾಗಿ ಹೊಲಗಳೆಲ್ಲ ಹಿಪ್ಪುನೇರಳೆ ತೋಟವಾದವು. ಗುಡಿಸಲಿಗೆ ಹೆಂಚು ಬಂತು, ಹೆಂಚಿನ ಮನೆಗೆ ತಾರಸಿ ಬಂತು. ಮದುವೆಯ ದಿನ ಗೊತ್ತು ಮಾಡುವಾಗಲೂ ಬೆಳೆ ಯಾವಾಗ ಗೂಡಿಗೆ ಬರುತ್ತದೆ ಅಂತ ಮೊದಲು ಕೇಳುತ್ತಿದ್ದರು. ಬೀರಮ್ಮನೂ ಅರ್ಧ ಕುರಿಮಂದೆ ಮಾರಿ ಹಿತ್ತಲಲ್ಲಿ ಹುಳುಮನೆ ಕಟ್ಟಿಸಿದಳು. ಅದರೊಳಗೆ ನಡೆಯುತ್ತಿದ್ದದ್ದು ಅವಳದ್ದೇ ಕಾನೂನು. ಒಗ್ಗರಣೆ ಹಾಕುವಾಗ ಉಟ್ಟಿದ್ದ ಸೀರೆಯಲ್ಲಿ ಒಳಗೆ ಹೋಗುವ ಹಾಗಿಲ್ಲ. ಹೊರಗಿನವರು ಹೊಸ್ತಿಲು ತುಳಿಯುವ ಹಾಗಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಒಳಗೆ ಸಾವಿನ ಮಾತು ಎತ್ತುವ ಹಾಗಿಲ್ಲ. ಹುಳು ಸತ್ತರೂ "ಮಲಗ್ತು" ಅನ್ನಬೇಕು. ನೆಂಟರು ತೀರಿಕೊಂಡ ಸುದ್ದಿ ಬಂದರೆ ಬೀದಿಯಲ್ಲೇ ಕೇಳಿ, ಬಾಯಿ ಮುಕ್ಕಳಿಸಿ, ಆಮೇಲೆ ಹುಳು ಸಾಕುವ ತಟ್ಟೆಗಳ ಹತ್ತಿರ ಬರಬೇಕು.

ನಗಬೇಡಿ. ಆ ಊರಿನಲ್ಲಿ ಯಾರೂ ನಗುತ್ತಿರಲಿಲ್ಲ. ಹಿಂದಿನ ಬೀದಿಯ ಒಬ್ಬ ಸೊಸೆ ಹುಳುಮನೆಯ ಬಾಗಿಲಲ್ಲಿ "ಒಂದ್ ತಟ್ಟೆ ಪೂರಾ ಸತ್ತೋದ್ವು ಕಣತ್ತೆ" ಅಂದುಬಿಟ್ಟಿದ್ದಳು. ಮಿಕ್ಕ ತಟ್ಟೆಗಳೂ ಕೆಟ್ಟವು. ಅವಳನ್ನು ತವರಿಗೆ ಕಳಿಸಿದವರು ಮತ್ತೆ ಕರೆಯಲೇ ಇಲ್ಲ. ಬಟ್ಟೆ ಗಂಟು ತೊಡೆಯ ಮೇಲಿಟ್ಟುಕೊಂಡು ಬಸ್ಸಿಗೆ ಕಾಯುತ್ತಿದ್ದ ಅವಳನ್ನು ಅಕ್ಕ ಕಣ್ಣಾರೆ ಕಂಡಿದ್ದಳು. ಆಮೇಲೆ ಅಕ್ಕನ ಕನಸಿನಲ್ಲಿ ಆ ಗಂಟು ತನ್ನ ತೊಡೆಯ ಮೇಲಿರುತ್ತಿತ್ತಂತೆ.

ಈಗ ಪುಸ್ತಕದ ವಿಷಯ. ನಾನೂ ಅಕ್ಕನೂ ಶಾಲೆಯ ಕಾಲದಿಂದ 'ವ್ಯೋಮದಳ'ದ ಹುಚ್ಚಿಯರು. ಸಾತನೂರಿನ ಬಸ್ ಸ್ಟ್ಯಾಂಡಿನ ಅಂಗಡಿಯಲ್ಲಿ ದಾರಕ್ಕೆ ನೇತುಹಾಕುತ್ತಿದ್ದ ಸಣ್ಣ ಸಣ್ಣ ಕಾದಂಬರಿಗಳು. ಮಿಂಚುಬಳ್ಳಿ ಎಂಬ ಆಕಾಶನೌಕೆ, ಅದರ ಮುದಿ ಕ್ಯಾಪ್ಟನ್ ಭೂಪಾಲ, ನಕ್ಷತ್ರಗಳ ನಡುವೆ ದಾರಿ ಹುಡುಕುವ ಶಾರ್ವರಿ, ಉರುಳಿಕೊಂಡು ಓಡಾಡುವ ಯಂತ್ರಮಾನವ ಗುಂಡ. ಭೂಪಾಲನದು ಒಂದೇ ಹಟ: ತನ್ನವರಲ್ಲಿ ಒಬ್ಬರು ಹೊರಗೆ ಉಳಿದಿದ್ದರೂ ನೌಕೆಯ ಬಾಗಿಲು ಹಾಕುವುದಿಲ್ಲ. ಲೋಕ ಹೊತ್ತಿ ಉರಿದರೂ ಹಾಕುವುದಿಲ್ಲ. ಅಕ್ಕನಿಗೆ ಧೈರ್ಯ ಅಂತ ಏನಾದರೂ ಇದ್ದರೆ ಅದು ಭೂಪಾಲನಿಂದ ಕಡ ತಂದದ್ದು. ಮದುವೆಯಾಗಿ ಹೊರಟಾಗ ಟ್ರಂಕಿನಲ್ಲಿ ಸೀರೆಗಳ ಕೆಳಗೆ ಆ ಪುಸ್ತಕಗಳೇ ಇದ್ದವು.

ಹುಳುಗಳು ನಾಲ್ಕನೇ ಜ್ವರ ಎದ್ದ ಮೇಲೆ, ಅಂದರೆ ಕೊನೆಯ ಸಲ ಪೊರೆ ಬಿಟ್ಟ ಮೇಲೆ, ಅವುಗಳ ಹಸಿವಿಗೆ ಮಿತಿಯೇ ಇರುವುದಿಲ್ಲ. ಹೆಂಗಸರು ಸಾಲಾಗಿ ಕೂತು ಕಡ್ಡಿಯಿಂದ ಎಲೆ ಬಿಡಿಸುತ್ತಲೇ ಇರಬೇಕು. ಒಂದು ಮಧ್ಯಾಹ್ನ ಎಲ್ಲರೂ ತೂಕಡಿಸುತ್ತಿದ್ದಾಗ ಅಕ್ಕ ಮೂಲೆಯಲ್ಲಿ ಕದ್ದು ಓದುತ್ತಿದ್ದದ್ದು ಅಕ್ಷರ ಬಾರದ ಬೀರಮ್ಮನ ಕಣ್ಣಿಗೆ ಬಿತ್ತು.

"ಏನಮ್ಮಿ ಅದು?"

ಅಕ್ಕ ಪುಸ್ತಕ ಮುಚ್ಚಿದಳು. "ಕತೆ, ಅತ್ತೆ."

"ಬಾಯ್ಬುಟ್ಟು ಓದು. ಈ ಮೂದೇವಿಗಳ ನಿದ್ದೆನಾರ ಹೋಗ್ಲಿ."

ನಿದ್ದೆ ಹೋಯಿತು. ಅಷ್ಟೇ ಅಲ್ಲ, ಆ ಸಲ ಗೂಡು ಗಟ್ಟಿಯಾಗಿ ಬಂತು. ಮುಂದಿನ ಬೆಳೆಯಲ್ಲೂ ಓದಿದಳು, ಅದೂ ಚೆನ್ನಾಗಿ ಬಂತು. ಬೀರಮ್ಮ ತೀರ್ಮಾನ ಮಾಡಿಬಿಟ್ಟಳು: ಭೂಪಾಲನ ಕಾಲ್ಗುಣ ಹುಳುವಿಗೆ ಒಳ್ಳೆಯದು. ಅಲ್ಲಿಂದ ಹೊಸ ಪುಸ್ತಕ ಬಂದರೆ ಅದು ಮೀಸಲು. ಹಬ್ಬದ ಅಡುಗೆಯನ್ನು ದೇವರಿಗೆ ಎಡೆ ಇಡುವ ಮೊದಲು ಬಾಯಿಗಿಡಬಾರದು ಅಂತಾರಲ್ಲ, ಹಾಗೆ. ದೇವರ ಗೂಡಿನಲ್ಲಿಟ್ಟು, ನಾಲ್ಕನೇ ಜ್ವರ ಎದ್ದ ದಿನವೇ ತೆಗೆದು, ಹುಳುಗಳ ಮುಂದೆಯೇ ಮೊದಲ ಸಲ ಓದಬೇಕು. ಅಕ್ಕ ಕೂಡ ಮೊದಲೇ ಇಣುಕುವ ಹಾಗಿರಲಿಲ್ಲ.

ಪುಸ್ತಕ ತರುತ್ತಿದ್ದವನು ಚನ್ನಪಟ್ಟಣದ ಗಫಾರ್. ಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಗಳನ್ನು ಗಾಡಿಯಲ್ಲಿ ಹೇರಿಕೊಂಡು ಬಂದು ಬಾಡಿಗೆಗೆ ಕೊಡುತ್ತಿದ್ದ. ಅವನೂ ವ್ಯೋಮದಳದ ಭಕ್ತ. ತನಗೊಂದು, ಬೀರಮ್ಮನ ಮನೆಗೊಂದು ಕೊಳ್ಳುತ್ತಿದ್ದ.

ಹೀಗಿರುವಾಗ ಆ ಕತೆ ಬರೆಯುತ್ತಿದ್ದವರು ನಿಲ್ಲಿಸಿದರು. ಯಾಕೋ ಗೊತ್ತಿಲ್ಲ. ಪ್ರಕಾಶಕರು ಅದನ್ನು ಇನ್ಯಾರಿಗೋ ವಹಿಸಿದರು. ಹೊದಿಕೆ ಅದೇ, ನೌಕೆ ಅದೇ, ಒಳಗೆ ಕೈ ಬೇರೆ. ವಿರೂಪಾಕ್ಷಿಪುರದಲ್ಲಿ ಇದು ಯಾರಿಗೂ ತಿಳಿಯಲಿಲ್ಲ. ಪುಸ್ತಕ ದೇವರ ಗೂಡಿನಲ್ಲಿ ಅರಿಶಿನ ಕುಂಕುಮ ಹಚ್ಚಿಸಿಕೊಂಡು ಕೂತಿತ್ತು.

ಜ್ವರ ಎದ್ದಿತು. ಹೆಂಗಸರು ಕೂತರು. ಅಕ್ಕ ಓದತೊಡಗಿದಳು. ಮಿಂಚುಬಳ್ಳಿಗೆ ಬೆಂಕಿ ಬಿದ್ದಿತ್ತು, ಹೆಂಗಸರ ಕೈ ಚುರುಕಾಯಿತು. ಆಮೇಲೆ ಶಾರ್ವರಿ ಬಂದಳು, ಕೈಯಲ್ಲಿ ಕಾಫಿ ಲೋಟ ಹಿಡಿದುಕೊಂಡು! ಅಷ್ಟು ವರ್ಷ ನೌಕೆಗೆ ದಾರಿ ತೋರಿಸಿದವಳು ಹೊಸದಾಗಿ ಬಂದ ವಿಕ್ರಾಂತ ಎಂಬ ಎಳಸು ಕ್ಯಾಪ್ಟನ್ನಿಗೆ ಕಾಫಿ ಕೊಟ್ಟು "ನಿಮಗೆ ತೋಚಿದಂತೆ ಮಾಡಿ" ಅನ್ನುತ್ತಾಳೆ. ಗುಂಡನನ್ನು ಗುಜರಿಗೆ ಹಾಕಿದರೆಂದು ಒಂದು ಸಾಲು.

"ಅಯ್ಯೋ, ನಮ್ ಗುಂಡನ್ನ?" ಅಂದಳು ಎಲೆ ಬಿಡಿಸುತ್ತಿದ್ದ ದಾಸಮ್ಮ. "ಅಂವ ಏನ್ ಮಾಡಿದ್ದ ಪಾಪ?"

ಅಕ್ಕ ಹಾಳೆ ತಿರುವಿದಳು. ಬಾಯಿ ಭೂಪಾಲ ಬಾಗಿಲ ಹತ್ತಿರ ಹೋದ ಎಂಬ ಸಾಲಿನಲ್ಲಿತ್ತು, ಕಣ್ಣು ಮುಂದಕ್ಕೆ ಓಡಿತು. ಹೊರಗೆ ಉಳಿದವರ ಕೂಗು ಕೇಳಿಸಿದರೂ ಭೂಪಾಲ ಬಾಗಿಲು ಹಾಕಿಕೊಂಡ ಎಂದಿತ್ತು. ಜೀವ ಉಳಿಸಿಕೊಳ್ಳಲು ಓಡಿದ ಎಂದಿತ್ತು. ಓಡುವಾಗ ಏಣಿಯಿಂದ ಜಾರಿ, ಕುತ್ತಿಗೆ ಮುರಿದು ಸತ್ತ ಎಂದಿತ್ತು.

ಏಣಿಯಿಂದ ಜಾರಿ! ಸಾತನೂರಿನಲ್ಲಿ ಅದೇ ಪುಟ ಓದಿ ನಾನು ಪುಸ್ತಕವನ್ನು ಹಿತ್ತಲಿಗೆ ಎಸೆದೆ. ಹೊಸಬರು ಹೊಸ ಹುಡುಗನನ್ನು ತರಲಿ, ಬೇಡ ಅಂದವರ್ಯಾರು? ಅವನು ಎತ್ತರ ಕಾಣಲಿ ಅಂತ ಹಳಬರ ಮಾನ ಕಳೆಯಬೇಕೇ? ಭೂಪಾಲ ಸಾಯುವುದಾದರೆ ಆ ಬಾಗಿಲು ಹಿಡಿದುಕೊಂಡು ಸಾಯಬಹುದಿತ್ತು. ನಾವು ಅತ್ತು ಸುಮ್ಮನಾಗುತ್ತಿದ್ದೆವು. ಆದರೆ ನಾನಿದ್ದದ್ದು ನಮ್ಮಪ್ಪನ ಮನೆಯಲ್ಲಿ. ಎಸೆಯುವ ಸ್ವಾತಂತ್ರ್ಯ ನನಗಿತ್ತು.

ಅಕ್ಕ ಇದ್ದದ್ದು ಹುಳುಮನೆಯಲ್ಲಿ. ಸುತ್ತ ಹುಳುಗಳು ತಲೆ ಎತ್ತಿ ಮೇಯುತ್ತಿದ್ದವು. ಎದುರಿಗೆ ಬೀರಮ್ಮ.

"ಯಾಕ್ ನಿಲ್ಸುಬುಟ್ಟೆ? ಬಾಗ್ಲತ್ರ ಹೋದ್ನಲ್ಲ, ಆಮೇಕೆ?"

ಅಕ್ಕ ಜನ್ಮದಲ್ಲಿ ಒಂದು ಕತೆ ಕಟ್ಟಿದವಳಲ್ಲ. ಸುಳ್ಳು ಹೇಳಿದರೆ ಕಿವಿ ಕೆಂಪಾಗುವಂಥವಳು. ಕಣ್ಣನ್ನು ಪುಟದ ಮೇಲೆ ಇಟ್ಟುಕೊಂಡೇ ಬಾಯಿಗೆ ಬಂದದ್ದನ್ನು ಹೇಳಿದಳು. "ಭೂಪಾಲ ಬಾಗಿಲು ಹಾಕಲಿಲ್ಲ. ಶಾರ್ವರಿ ಎಲ್ಲಿ ಎಂದು ಕೇಳಿದ. ಇನ್ನೂ ಬೆಂಕಿಯಲ್ಲೇ ಇದ್ದಾಳೆ ಎಂದರು. ಅವನು ಬೆಂಕಿಯೊಳಕ್ಕೆ ನುಗ್ಗಿದ. ದಾರಿಯುದ್ದಕ್ಕೂ ಅವಳನ್ನು ಬಯ್ಯುತ್ತಲೇ ಹೋದ. ಎಲ್ಲಿ ಹಾಳಾಗಿ ಹೋದೆ, ಸಿಕ್ಕು ನೀನು, ಕಾಲು ಮುರೀತೀನಿ, ಎಂದು ಕೂಗಿದ."

ಹೆಂಗಸರು ಗೊಳ್ಳೆಂದು ನಕ್ಕರು. ಬೀರಮ್ಮ ನಗಲಿಲ್ಲ. ಕೈಯಲ್ಲಿದ್ದ ಕಡ್ಡಿ ಹಾಗೇ ಹಿಡಿದುಕೊಂಡು ಸೊಸೆಯ ಮುಖ ನೋಡಿದಳು. ಅಕ್ಕ ಮುಂದಿನ ಹಾಳೆ ತಿರುವಿದಳು.

ಅವತ್ತಿನಿಂದ ಶುರುವಾದ ನಡುಕ ಬಿಡಲಿಲ್ಲ. ದಿನಾ ಮಧ್ಯಾಹ್ನ ಕತೆ ಮುಂದುವರಿಯಬೇಕು, ನಿನ್ನೆ ಹೇಳಿದ್ದು ಮರೆಯಬಾರದು. ಸೊಪ್ಪು ತರುವಾಗ, ರಾಗಿ ಮುದ್ದೆ ತಿರುವುವಾಗ, ಭೂಪಾಲನನ್ನು ಬೆಂಕಿಯಿಂದ ಹೇಗೆ ಹೊರಗೆ ತರುವುದು ಅಂತಲೇ ಯೋಚನೆ. ಅದಕ್ಕಿಂತ ದೊಡ್ಡ ಭಯ ಇನ್ನೊಂದಿತ್ತು. ಸಾವಿನ ಮಾತು ಬಾಯಿ ಆಡಿರಲಿಲ್ಲ ನಿಜ, ಕಣ್ಣು ಓದಿತ್ತಲ್ಲ? ಹುಳುಗಳ ನಡುವೆ ನಿಂತುಕೊಂಡೇ ಓದಿತ್ತಲ್ಲ? ಅದು ಲೆಕ್ಕಕ್ಕೆ ಬರುತ್ತದೋ ಇಲ್ಲವೋ ಅಂತ ಯಾರನ್ನು ಕೇಳುವುದು? ಕೇಳಿದರೆ ಹೇಳಿದ ಹಾಗೇ ಆಯಿತು.

ಮೂರನೆಯ ದಿನವೋ ನಾಲ್ಕನೆಯ ದಿನವೋ, ಕೆಳಗಿನ ತಟ್ಟೆಯಲ್ಲಿ ಹಾಲುಹುಳು ಕಂಡವು. ಊದಿಕೊಂಡು, ಮುಟ್ಟಿದರೆ ಒಡೆದು ಬಿಳಿ ನೀರು ಸುರಿಯುವ ರೋಗದ ಹುಳುಗಳು. ಬೀರಮ್ಮ ಅವನ್ನು ಆರಿಸಿ, ಸುಣ್ಣದ ನೀರಿಗೆ ಹಾಕಿ, ತಟ್ಟೆ ಬದಲಾಯಿಸಿದಳು. ಬಯ್ಯಲಿಲ್ಲ. ಬೀರಮ್ಮ ಬಯ್ಯದಿದ್ದರೆ ಅದರಷ್ಟು ಭಯದ ವಿಷಯ ಇನ್ನೊಂದಿರಲಿಲ್ಲ. ಆ ರಾತ್ರಿ ಅಕ್ಕ ತನ್ನ ಬಟ್ಟೆಗಳನ್ನೆಲ್ಲ ಮಡಿಸಿಟ್ಟಳಂತೆ, ಹೇಗೂ ಹೋಗುವುದಿದೆ ಎಂದು.

ರೋಗ ಹಬ್ಬಲಿಲ್ಲ. ಅಲ್ಲೊಂದು ಇಲ್ಲೊಂದು ಹುಳು ಗೂಡು ಕಟ್ಟಲು ಹಣ್ಣಾಗಿ ಹಳದಿಗೆ ತಿರುಗಿತು. ಬೆಳಗಾದರೆ ಎಲ್ಲವನ್ನೂ ಚಂದ್ರಿಕೆಗೆ ಬಿಡಬೇಕು. ಗಫಾರನಿಗೆ ಹೇಳಿಕಳಿಸು ಅಂದಳು ಬೀರಮ್ಮ. ಅಕ್ಕನಿಗೆ ಆಗ ನೆನಪಾಯಿತು. ಗಫಾರ್ ಆ ಪುಸ್ತಕ ಓದಿರುತ್ತಾನೆ. ಬಂದವನು ಮೊದಲು ಆಡುವುದೇ ಅದರ ಮಾತು.

ಸಂಜೆ ಗಾಡಿ ಬಂತು. ಗಫಾರ್ ಚಂದ್ರಿಕೆಗಳನ್ನು ಇಳಿಸಿ ಗೋಡೆಗೆ ಒರಗಿಸಿದ. ಮುಖ ಮನೆಯಲ್ಲಿ ಯಾರನ್ನೋ ಕಳಕೊಂಡವನ ಹಾಗಿತ್ತು. ಜಗಲಿಯ ಮೇಲೆ ಕೂತು ನೀರು ಕುಡಿದ.

"ನೋಡಿದ್ರಾ ಬೀರಮ್ನೋರೆ, ನಮ್ ಕ್ಯಾಪ್ಟನ್ಗೆ ಎಂಥಾ ಗತಿ ತಂದ್ರು? ತನ್ನೋರ್ನೆಲ್ಲ ಬುಟ್ಟು ಓಡೋದ ಅಂತ ಬರ್ದವ್ರೆ. ಭೂಪಾಲ ಓಡೋಯ್ತಾನಾ? ಎರಡ್ ದಿನ ಅನ್ನ ಸೇರ್ನಿಲ್ಲ ನಂಗೆ. ಕೊನೇಗೆ ಏಣಿಯಿಂದ ಬಿದ್ದು..."

"ಹುಳ ಹಣ್ಣಾಗವೆ, ಬಾಯ್ ಬಿಗಿ ಹಿಡೀರಿ ಸಾಬ್ರೆ!" ಬೀರಮ್ಮ ಗುಡುಗಿದಳು. "ಹಂಗೇನಿಲ್ಲ ಅದ್ರಲ್ಲಿ. ನಮ್ಮನೆ ಪುಸ್ತಕ್ದಲ್ಲಿ ಅಂವ ಶಾರ್ವರೀನ ಕರ್ಕೊಂಬರಾಕೆ ಹೋಗವ್ನೆ. ನನ್ ಸೊಸೆ ಓದವ್ಳೆ."

"ನಾನೂ ಓದಿದ್ದೀನಲ್ಲ ಅಮ್ಮ."

"ನಿಮ್ದ್ರಲ್ಲಿ ತಪ್ಪು ಅಚ್ಚಾಗೈತೆ. ಭದ್ರೀ, ತತ್ತಾ ಪುಸ್ತಕ. ತೋರ್ಸು ಇವರ್ಗೆ."

ದೇವರ ಗೂಡಿನಿಂದ ಜಗಲಿಗೆ ಎಷ್ಟು ದೂರ? ಅಕ್ಕನಿಗೆ ಆ ಹೊತ್ತು ಅದು ಸಾತನೂರಿಗಿಂತ ದೂರವಾಗಿತ್ತಂತೆ. ಪುಸ್ತಕ ಕೊಡುವಾಗ ಗಫಾರನ ಮುಖ ನೋಡಲಾಗಲಿಲ್ಲ. ಅವನು ಪುಟ ಹುಡುಕಿ ತೆಗೆದ. ಓದಿದ. ತಲೆ ಎತ್ತಿ ಅಕ್ಕನನ್ನು ನೋಡಿದ. ಅವಳ ಮುಖದಲ್ಲಿ ರಕ್ತವೇ ಇರಲಿಲ್ಲ. ಬಾಗಿಲ ಕಂಬ ಹಿಡಿದುಕೊಂಡು ನಿಂತಿದ್ದಳು. ಅವನು ಮತ್ತೆ ಪುಟಕ್ಕೆ ತಲೆ ಬಗ್ಗಿಸಿದ.

"ಹೌದು ಕಣಮ್ಮ," ಅಂದ ಬೀರಮ್ಮನಿಗೆ. "ನಂದ್ರಾಗೇ ತಪ್ಪು ಅಚ್ಚಾಗೈತೆ." ಪುಸ್ತಕವನ್ನು ಅಕ್ಕನ ಕೈಗೆ ಕೊಟ್ಟ. "ನಿಮ್ದ್ರಲ್ಲಿ ನಮ್ ಕ್ಯಾಪ್ಟನ್ ಬಾಗ್ಲು ಹಾಕ್ನಿಲ್ವಾ ತಾಯಿ? ಆಮೇಲೇನಾಯ್ತು? ಒಸಿ ಓದವ್ವ, ಕೇಳ್ಕೊಂಡು ಹೋಯ್ತೀನಿ."

ಅಕ್ಕ ಪುಸ್ತಕ ಬಿಡಿಸಿದಳು. ಒಳಗಿದ್ದದ್ದನ್ನು ಬಲ್ಲವನ ಎದುರು ಇಲ್ಲದ್ದನ್ನು ಓದುವುದು ಹೇಗೆ? ಬೀರಮ್ಮ ಎದ್ದು ಬಂದಳು. ಪುಸ್ತಕ ಕಿತ್ತುಕೊಂಡು ಮುಚ್ಚಿ ಕಂಕುಳಲ್ಲಿ ಇಟ್ಟುಕೊಂಡಳು.

"ಇಷ್ಟ್ ವರ್ಷ ಕೇಳಿದ್ದೀನಿ, ಭೂಪಾಲ ಒಂದ್ ದಿನ ಯಾರ್ನೂ ಬಯ್ದೋನಲ್ಲ," ಅಂದಳು ಮೆಲ್ಲಗೆ. "ತಪ್ಪಿಸ್ಕೊಂಡ ಕುರಿಮರಿ ಹುಡುಕ್ಕೊಂಡು, ಕಾಲ್ ಮುರೀತೀನಿ ಅಂತ ಬಯ್ಕೊಂಡು ಹೋಗೋಳು ನಾನು. ಮೊದಲ್ನೇ ದಿನವೇ ಗೊತ್ತಾಯ್ತು ನಂಗೆ. ಸಾಬ್ರ ಬಾಯ್ ಮುಚ್ಲಿ ಅಂತ್ಲೇ ಪುಸ್ತಕ ತರ್ಸಿದ್ದು."

ಅಕ್ಕ ಕಣ್ಣು ಮುಚ್ಚಿಕೊಂಡಳು. ಇನ್ನು ಬರುವುದು ತವರಿನ ಮಾತು ಎಂದುಕೊಂಡಳು.

"ಅವ್ನ ಜಾಗ್ದಲ್ಲಿ ನನ್ನೇ ಇಟ್ಟು ಹೇಳ್ದಲ್ಲ," ಅಂದಳು ಬೀರಮ್ಮ. ಸೆರಗಿನಿಂದ ಮೂಗು ಒರೆಸಿಕೊಂಡಳು. "ಕೂತ್ಕೊ ಮಗ. ಸಾಬ್ರು ಕಾಯ್ತಾವ್ರೆ. ಆ ಹುಡುಗಿ ಇನ್ನೂ ಬೆಂಕೀಲವ್ಳೆ, ಕರ್ಕೊಂಬಾ."

ಅಕ್ಕ ಜಗಲಿಯ ಅಂಚಿನಲ್ಲಿ ಕೂತಳು. ಭಯವೇನೂ ಹೋಗಿರಲಿಲ್ಲವಂತೆ. ಬರೀ ಕೈಯಲ್ಲಿ ಕೂತು, ಭೂಪಾಲ ಬಯ್ಯುತ್ತಾ ಬಯ್ಯುತ್ತಾ ಶಾರ್ವರಿಯನ್ನು ಹೆಗಲ ಮೇಲೆ ಹೊತ್ತು ತಂದದ್ದನ್ನು ಹೇಳತೊಡಗಿದಳು.