ಕೆಂಪು ಪಟ್ಟಿ ಕಟ್ಟಿದ ಪ್ಯಾರಾಚೂಟ್

ನಮ್ಮತ್ತೆಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ಅತ್ತೆಯ ಸಿಟ್ಟೆಂದರೆ ಸೊಸೆಯ ಮೇಲಿನದು ಎಂದುಕೊಂಡರೆ ತಪ್ಪು. ಮದುವೆಯಾಗಿ ಹನ್ನೊಂದು ವರ್ಷದಲ್ಲಿ ಅವರು ನನ್ನನ್ನು ಗದರಿದ್ದು ಒಂದೇ ವಿಷಯಕ್ಕೆ, ಬೆಡ್‌ಶೀಟ್ ಮಡಿಸುವ ರೀತಿಗೆ. "ಇದೇನು ಮಡಿಸಿದ್ದೋ, ಮುದುಡಿದ್ದೋ?" ಎಂದು ಕಿತ್ತುಕೊಂಡು, ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಗಾಳಿ ಹೊರದೂಡಿ ಮಡಿಸಿಡುತ್ತಿದ್ದರು. ಆಸ್ಪತ್ರೆಯ ಲಾಂಡ್ರಿಯಲ್ಲಿ ಇಪ್ಪತ್ತೆರಡು ವರ್ಷ ದುಡಿದ ಕೈ, ಅಭ್ಯಾಸಬಲ ಎಂದುಕೊಂಡಿದ್ದೆ. ಅದಕ್ಕೂ ಮೊದಲು ಅವರು ಪ್ಯಾರಾಚೂಟ್ ಮಡಿಸುತ್ತಿದ್ದರೆಂದು ನನಗೆ ತಿಳಿದದ್ದು ಗೌರವ ಭವನದ ಮೇಲ್ವಿಚಾರಕರು ಮನೆಗೆ ಬಂದ ದಿನ.

ನಮ್ಮ ಸೀಮೆಯ ವಿಮಾನ ಸಾಹಸಿಗಳ ನೆನಪಿಗೆಂದು ಹಳೆಯ ವಿಮಾನ ಶೆಡ್ಡೊಂದನ್ನು ಗೌರವ ಭವನ ಮಾಡುತ್ತಿದ್ದರು. ಮೊದಲ ಸಲ ಆರು ಮಂದಿಗೆ ಗೌರವ. ಅವರಲ್ಲೊಬ್ಬ ಇಲ್ಲಿ ಪ್ಯಾರಾಚೂಟ್ ಜಿಗಿತ ಶುರುಮಾಡಿದ ತರಬೇತುದಾರ. ಊರೆಲ್ಲ ಅವನನ್ನು ಗಿಡುಗ ಎಂದೇ ಕರೆಯುತ್ತಿತ್ತಂತೆ. ಅವನು ತೀರಿಕೊಂಡ ಮೇಲೆ ಮನೆಯವರು ಅವನ ಪ್ಯಾರಾಚೂಟನ್ನು ಭವನಕ್ಕೆ ಕೊಟ್ಟಿದ್ದರು. ಆ ಕಾಲದ್ದನ್ನು ಸರಿಯಾಗಿ ಮಡಿಸಬಲ್ಲವರು ಯಾರೂ ಸಿಕ್ಕಿರಲಿಲ್ಲ.

"ಹಳೇ ಹಾಜರಿ ಪುಸ್ತಕದಲ್ಲಿ ನಿಮ್ಮ ಹೆಸರು ಸಿಕ್ತಮ್ಮ. ನಿಮ್ಮಂಥ ಕೈ ಈಗ ಯಾರಿಗಿದೆ ಹೇಳಿ?" ಎಂದರು ಮೇಲ್ವಿಚಾರಕರು.

"ಆ ಕೈಯನ್ನೇ ಕೊಲೆಗಡುಕ ಕೈ ಅಂದ್ರಲ್ಲಪ್ಪ, ಅದು ಪುಸ್ತಕದಲ್ಲಿ ಸಿಗ್ಲಿಲ್ವಾ?" ಎಂದರು ಅತ್ತೆ.

ಬಂದವರಿಗೆ ಏನೂ ಗೊತ್ತಿರಲಿಲ್ಲ. ನನ್ನ ಗಂಡ ಮಾತ್ರ ತಲೆ ತಗ್ಗಿಸಿ, "ಅಮ್ಮ, ಆಗಿದ್ದು ಆಗಿಹೋಯ್ತು, ಬಿಡು" ಎಂದರು. ಆಮೇಲೆ ಎಲ್ಲವನ್ನೂ ನಾನು ಅತ್ತೆಯ ಬಾಯಿಂದಲೇ ಕೇಳಿದೆ.

ಅವರಿಗಾಗ ಮೂವತ್ತೆರಡು ವರ್ಷ. ಜಿಗಿತ ಕ್ಲಬ್ಬಿನ ಶೆಡ್ಡಿನಲ್ಲಿ ಬಸ್ಸಿನಷ್ಟು ಉದ್ದದ ನುಣುಪು ಮೇಜು. ನೂಲು ಸಿಕ್ಕಿಕೊಳ್ಳದಿರಲೆಂದು ಉಂಗುರ ತೆಗೆದಿಟ್ಟು, ಉಗುರು ಕತ್ತರಿಸಿಕೊಂಡು ಕೆಲಸಕ್ಕೆ ಕೂರಬೇಕು. ಇಪ್ಪತ್ತೆಂಟು ಹಗ್ಗ, ಒಂದಕ್ಕೊಂದು ತೊಡರುವಂತಿಲ್ಲ. ಮಡಿಸಿದ ಮೇಲೆ ಚೀಟಿಯಲ್ಲಿ ಸಹಿ ಹಾಕಬೇಕು. ಒಂದು ಪ್ಯಾರಾಚೂಟ್ ಬಿಸಿಲು ತಿಂದು ಬಿಳಿಚಿತ್ತು. ಎರಡು ಹೆಬ್ಬೆರಳ ನಡುವೆ ಎಳೆದರೆ ನೂಲು ಜರುಗುತ್ತಿತ್ತು. ಅತ್ತೆ ಅದಕ್ಕೆ ಕೆಂಪು ಪಟ್ಟಿ ಕಟ್ಟಿ, ಚೀಟಿಯಲ್ಲಿ 'ಹಾರಲು ಯೋಗ್ಯವಲ್ಲ' ಎಂದು ಬರೆದು ಮೂಲೆಯ ಕಪಾಟಿಗೆ ಹಾಕಿದರು.

ಪ್ರದರ್ಶನದ ದಿನ ಪ್ಯಾರಾಚೂಟ್ ಒಂದು ಕಡಿಮೆ ಬಿತ್ತು. ಗಣ್ಯರೆಲ್ಲ ಬಂದು ಕೂತಿದ್ದರು. ಗಿಡುಗ ಕಪಾಟು ತೆಗೆದ. ಅದನ್ನು ಬೆನ್ನಿಗೇರಿಸಿಕೊಂಡು ಜಿಗಿದವನು ಲೇತ್ ಮಷಿನ್ ಕೆಲಸದ ಇಪ್ಪತ್ತಾರರ ಯುವಕ. ಬಿಚ್ಚಿಕೊಂಡ ಬಟ್ಟೆ ಮೇಲಿನಿಂದ ಕೆಳಗಿನವರೆಗೆ ಸೀಳಿತು. ತುರ್ತಿಗೆಂದು ಎದೆಗೆ ಕಟ್ಟಿದ್ದ ಇನ್ನೊಂದನ್ನು ಬಿಚ್ಚುವಷ್ಟು ಎತ್ತರ ಉಳಿದಿರಲಿಲ್ಲ.

ಚೀಟಿ ಮಾಯವಾಯಿತು. 'ಮಡಿಸಿದವರ ಅಜಾಗರೂಕತೆ' ಎಂದು ವಿಚಾರಣೆ ಒಂದೇ ವಾರದಲ್ಲಿ ಮುಗಿಯಿತು. ಅತ್ತೆಯ ಕೆಲಸ ಹೋಯಿತು. ಕೆಲಸ ಹೋದದ್ದಲ್ಲ ಅವರನ್ನು ಸುಟ್ಟಿದ್ದು. ನಲ್ಲಿಯ ಹತ್ತಿರ ನಿಂತರೆ ಹೆಂಗಸರು ಕೊಡ ಎತ್ತಿಕೊಂಡು ಸರಿಯುತ್ತಿದ್ದರು.

ಇಷ್ಟಾದರೂ ಅತ್ತೆ ಭವನಕ್ಕೆ ಹೊರಟರು. "ನನ್ನ ಕೈಗೆ ತಪ್ಪಿಲ್ಲ ಅಂತ ಅವರೇ ನೋಡ್ಲಿ" ಎಂದರು. ನಾನೂ ಜೊತೆಗೆ ಹೋದೆ. ಕೈ ತೊಳೆದು ಒರೆಸಿಕೊಂಡು ಕೂತವರು ಮೊದಲ ಹತ್ತು ನಿಮಿಷ ಯಾರ ಮುಖವನ್ನೂ ನೋಡಲಿಲ್ಲ. ಬೆರಳುಗಳು ಹಗ್ಗ ಬಿಡಿಸುವುದನ್ನು ನೋಡುತ್ತ ಮೇಲ್ವಿಚಾರಕರು ಬಾಯಿ ಬಿಟ್ಟುಕೊಂಡು ನಿಂತರು. ಅರ್ಧ ಮಡಿಸಿದ್ದರು. ಅಷ್ಟರಲ್ಲಿ ಗೋಡೆಯ ಮೇಲಿನ ಗಿಡುಗನ ಫಲಕದ ಕಡೆ ಕಣ್ಣು ಹೋಯಿತು. "ಕನ್ನಡಕ ತಂದಿಲ್ಲ, ಓದೇ" ಎಂದರು.

ಓದಿದೆ. 'ಇಪ್ಪತ್ತು ವರ್ಷ, ಮೂರು ಸಾವಿರ ಜಿಗಿತ, ಒಂದೂ ಪ್ರಾಣಹಾನಿ ಇಲ್ಲ.'

"ಇನ್ನೊಂದು ಸಲ ಓದು."

ಓದಿದೆ. ಅತ್ತೆಯ ಕೈಲಿದ್ದ ಬಟ್ಟೆ ಜಾರಿತು.

"ನನ್ನಿಂದ ಒಬ್ಬ ಸತ್ತ ಅಂತ ಓಡಿಸಿದ್ರಿ. ಈಗ ಯಾರೂ ಸತ್ತೇ ಇಲ್ಲ ಅಂತೀರಾ? ಯಾರೂ ಸಾಯ್ಲಿಲ್ಲ ಅಂದ್ರೆ ನನ್ನನ್ನ ಯಾಕ್ರೀ ಓಡಿಸಿದ್ರಿ?"

ಶೆಡ್ಡಿನ ತಗಡು ಅದುರುವಂತೆ ಕೂಗಿದರು. ಬಣ್ಣ ಬಳಿಯುತ್ತಿದ್ದವರು ಏಣಿಯಿಂದ ಇಳಿದು ನಿಂತರು.

"ಅವರ ಮನೆಯವರು ಬರೆದುಕೊಟ್ಟಿದ್ದಮ್ಮ... ಶುಕ್ರವಾರ ಉದ್ಘಾಟನೆ, ಫಲಕ ಆಗ್ಲೇ ತಯಾರಾಗಿದೆ" ಎಂದು ಮೇಲ್ವಿಚಾರಕರು ತಡವರಿಸಿದರು.

"ಹಂಗಾದ್ರೆ ಇದನ್ನೂ ಅವರ ಮನೆಯವರೇ ಮಡಿಸ್ಲಿ."

ಶುಕ್ರವಾರ ಉದ್ಘಾಟನೆ ನಡೆಯಿತು. ಗಾಜಿನ ಪೆಟ್ಟಿಗೆಯೊಳಗೆ ಪ್ಯಾರಾಚೂಟ್ ಒಗೆಯಲು ಹಾಕಿದ ಬಟ್ಟೆಯಂತೆ ಗುಡ್ಡೆಯಾಗಿ ಬಿದ್ದಿತ್ತು.

ಮರುವಾರ ಅತ್ತೆ ಸತ್ತವನ ತಂಗಿಯನ್ನು ಹುಡುಕಿಕೊಂಡು ಹೊರಟರು. ನ್ಯಾಯಾಲಯದ ಹಿಂದಿನ ಬೀದಿಯಲ್ಲಿ ಆಕೆಯ ಟೈಪಿಂಗ್ ಮತ್ತು ಜೆರಾಕ್ಸ್ ಅಂಗಡಿ. ಅತ್ತೆ ಯಾರೆಂದು ಹೇಳುತ್ತಲೇ ಆಕೆ ಕುರ್ಚಿಯಿಂದೆದ್ದಳು.

"ಮೂವತ್ನಾಲ್ಕು ವರ್ಷ ಆದ್ಮೇಲೆ ಕ್ಷಮೆ ಕೇಳೋಕೆ ಬಂದ್ರಾ? ನಮ್ಮಮ್ಮ ನಿಮ್ಮನ್ನ ಶಪಿಸ್ತಾನೇ ಸತ್ತಳು. ಅಂಗಡಿಯಿಂದ ಇಳೀರಿ!"

ನಾನು ಅತ್ತೆಯ ತೋಳು ಹಿಡಿದೆ. ಕೊಡವಿಕೊಂಡರು. "ಕ್ಷಮೆ ಕೇಳಲ್ಲ ನಾನು. ಅದನ್ನ ಕೊಡಬೇಡಿ ಅಂತ ಕೆಂಪು ಪಟ್ಟಿ ಕಟ್ಟಿ ಇಟ್ಟಿದ್ದೆ ಕಣಮ್ಮ. ನಂಬು, ಬಿಡು, ನಿನ್ನಿಷ್ಟ. ನಿನಗೆ ಹೇಳ್ದೆ ಸಾಯಲ್ಲ ಅಂತ ಬಂದೆ."

ಆಕೆಯ ಮುಖದ ಬಣ್ಣವೇ ಬದಲಾಯಿತು. "ಕೆಂಪು ಪಟ್ಟೀನಾ?" ಎಂದು ಮೆಲ್ಲಗೆ ಕುಳಿತಳು. ಪ್ರದರ್ಶನದ ಬೆಳಿಗ್ಗೆ ಆಕೆ ಅಣ್ಣನ ಜೊತೆಗೇ ಹೋಗಿದ್ದಳು. ಗಿಡುಗ ಚೀಲದ ಕೆಂಪು ಪಟ್ಟಿಯನ್ನು ಚಾಕುವಿನಿಂದ ಕತ್ತರಿಸುತ್ತ, "ಹೆಂಗಸರಿಗೆ ಎಲ್ಲದಕ್ಕೂ ಹೆದರಿಕೆ" ಎಂದು ನಕ್ಕಿದ್ದನ್ನು ಕಣ್ಣಾರೆ ಕಂಡಿದ್ದಳು. ಆ ಪಟ್ಟಿಯ ಅರ್ಥ ಹದಿನಾಲ್ಕರ ಹುಡುಗಿಗೆ ಗೊತ್ತಿರಲಿಲ್ಲ. ವಿಚಾರಣೆಯಲ್ಲಿ ಅವಳನ್ನು ಯಾರೂ ಕೇಳಿರಲೂ ಇಲ್ಲ.

ಇಬ್ಬರೂ ಅಳಲಿಲ್ಲ. ಆಕೆ ಎದ್ದು ಮೇಜಿನ ಮೇಲಿದ್ದ ಸ್ಟೇಪ್ಲರನ್ನು ಗೋಡೆಗೆ ಎಸೆದಳು. ಅತ್ತೆ ಹೋಗಿ ಹೆಕ್ಕಿ ತಂದು ಆಕೆಯ ಕೈಗೇ ಕೊಟ್ಟು, "ಇನ್ನೊಂದು ಸಲ ಎಸಿ" ಎಂದರು.

ಫಲಕ ತಿದ್ದಬೇಕೆಂದು ಭವನದ ಸಮಿತಿಗೆ ಅವತ್ತೇ ಅರ್ಜಿ ಟೈಪಾಯಿತು. ಸಮಿತಿಯವರು ನಾಲ್ಕು ತಿಂಗಳು ಮಾತಾಡಲಿಲ್ಲ. ಎರಡನೆಯ ಅರ್ಜಿಯ ಜೊತೆ ಇಬ್ಬರೂ ಭವನದ ಬಾಗಿಲಲ್ಲಿ ಮೂರು ದಿನ ಕೂತರು. ಆಮೇಲೆ ಫಲಕ ತಿದ್ದಿದರು: 'ಮೂರು ಸಾವಿರ ಜಿಗಿತ, ಒಂದು ದುರದೃಷ್ಟಕರ ಘಟನೆ.'

ನನ್ನ ಗಂಡ ಸಮಾಧಾನಕ್ಕೆಂದು, "ಅಷ್ಟಾದ್ರೂ ಒಪ್ಪಿಕೊಂಡ್ರಲ್ಲ ಅಮ್ಮ" ಎಂದರು.

"ದುರದೃಷ್ಟವಂತೆ! ಅದೃಷ್ಟ ಬಂದು ಚಾಕು ಹಿಡೀತಾ?" ಎಂದು ಅತ್ತೆ ತಟ್ಟೆ ತಳ್ಳಿ ಎದ್ದುಬಿಟ್ಟರು.

ಈಗ ಮೂರನೆಯ ಅರ್ಜಿ ನಡೆಯುತ್ತಿದೆ. ನಿನ್ನೆ ಮಧ್ಯಾಹ್ನ ಊಟ ತೆಗೆದುಕೊಂಡು ಅಂಗಡಿಗೆ ಹೋದರೆ ಇಬ್ಬರದೂ ಜೋರು ಜಗಳ. 'ಗಿಡುಗ ಕೊಂದ' ಎಂದೇ ಬರೆಯಬೇಕೆಂದು ಅತ್ತೆಯ ಹಟ. 'ಸಾವಿಗೆ ಕಾರಣನಾದ' ಎಂದರೆ ಮಾತ್ರ ಸಮಿತಿ ಓದುತ್ತದೆಂದು ಆಕೆಯ ವಾದ. "ಅಣ್ಣ ನನ್ನೋನು, ಮಾತೂ ನಂದೇ" ಎಂದು ಆಕೆ ಕೀಲಿಮಣೆಯನ್ನು ಎಳೆದುಕೊಂಡಳು. ಅತ್ತೆ ನನ್ನ ಕೈಯಿಂದ ಊಟದ ಡಬ್ಬಿ ಕಿತ್ತುಕೊಂಡು ಆಕೆಯ ಮುಂದಿಟ್ಟು, "ಮೊದ್ಲು ಊಟ ಮಾಡು, ಆಮೇಲೆ ಜಗಳ" ಎಂದರು.