ಮದುಮಗನ ಕಟಾರಿ

ಆ ಶುಕ್ರವಾರ ನಾನು ಕಂಡದ್ದನ್ನು ಪೊಲೀಸರಿಗೆ ಹೇಳಿದ್ದೇನೆ, ಮದುಮಗಳ ಮನೆಯವರಿಗೆ ಹೇಳಿದ್ದೇನೆ, ಆಫೀಸಿನಲ್ಲೂ ಹೇಳಿದ್ದೇನೆ. ಪ್ರತಿ ಸಲವೂ ಒಂದೇ ಕ್ರಮದಲ್ಲಿ. ಹೇಳಿ ಹೇಳಿ ದಣಿದಿದ್ದರೂ ಆ ಕ್ರಮವನ್ನು ಬದಲಿಸಲು ಇಂದಿಗೂ ಧೈರ್ಯವಿಲ್ಲ.

ಮದುಮಗ ನನ್ನ ಸಹೋದ್ಯೋಗಿ, ನನ್ನನ್ನು ಅಕ್ಕ ಎನ್ನುವವನು. ಭಾನುವಾರ ಅವನ ಮದುವೆ. ತಂದೆತಾಯಿ ವಿಜಯಪುರದಿಂದ ನಾವು ಕೆಲಸಕ್ಕಿರುವ ಈ ಪರದೇಶಕ್ಕೆ ಬಂದು, ಬೂನ್ ಲೇ ಬಡಾವಣೆಯ ಅವನ ಫ್ಲ್ಯಾಟಿನಲ್ಲಿ ಇಳಿದಿದ್ದರು. ತಂದೆಗೆ ಊರಿನಲ್ಲಿ ಬಂಗಾರದ ಅಂಗಡಿ. ಅದರ ಸಲುವಾಗಿ ಅವರಿಗೆ ರಿವಾಲ್ವರ್ ಪರವಾನಗಿ ಇತ್ತು. ಅಂಗಿಯೊಳಗೆ ಸೊಂಟದಲ್ಲಿ ಇಟ್ಟುಕೊಂಡೇ ಓಡಾಡುತ್ತಿದ್ದರಂತೆ. ಬೆಳಿಗ್ಗೆ ಮಗನಿಗೆ ಅರಿಶಿನ ಹಚ್ಚುವ ಶಾಸ್ತ್ರ ಮುಗಿದ ಮೇಲೆ, ಚಹಾ ಕುಡಿಯುತ್ತ ಅವರು ನನಗೆ ಅದರ ನಿಯಮ ವಿವರಿಸಿದರು.

"ನಂದು ಕರ್ನಾಟಕದಾಗಷ್ಟೇ ನಡೀತದ್ರಿ. ಸೊಲ್ಲಾಪುರಕ್ಕ ಮಗಳ ಮನಿಗೆ ಹೊಂಟ್ರ ಮೊದಲ ಪೊಲೀಸ್ ಸ್ಟೇಷನ್ನಿಗೆ ಹೋಗಿ ಜಮಾ ಮಾಡಿ, ಪಾವತಿ ತಗೊಂಡ ಮುಂದ ಹೋಗೂದು. ಗಡಿ ದಾಟಿದ್ರ ನನ್ನ ಲೈಸೆನ್ಸ್ ಬರೀ ಕಾಗದ. ಹೊರ ರಾಜ್ಯಕ್ಕ ಬೇಕಂದ್ರ ಬ್ಯಾರೆ ಅರ್ಜಿ, ಬ್ಯಾರೆ ಪರವಾನಗಿ."

"ಇಲ್ಲಿಗೆ ಬರೋವಾಗ ಏನ್ ಮಾಡಿದ್ರಿ ಅಂಕಲ್?"

"ಜಮಾ ಮಾಡೇ ವಿಮಾನ ಹತ್ತೀನಿ. ಕಾಯ್ದೆ ಅಂದ್ರ ಕಾಯ್ದೆ."

ಅಡುಗೆಮನೆಯಿಂದ ಅವರ ಹೆಂಡತಿ ಕೂಗಿದರು: "ನನ್ನ ಬಿಟ್ಟು ಬಂದಿದ್ರೂ ಬರ್ತಿದ್ರ ಯವ್ವಾ, ಆ ಪಾವತಿ ಮಾತ್ರ ಮರೀತಿರ್ಲಿಲ್ಲ."

ಆಮೇಲೆ ಆಕೆ ಒಳಗಿನಿಂದ ಬಟ್ಟೆಯಲ್ಲಿ ಸುತ್ತಿದ ಒಂದು ಕಟಾರಿ ತಂದರು. ಗೇಣುದ್ದ, ಹಿತ್ತಾಳೆಯ ಹಿಡಿ. ಅರಿಶಿನ ಹಚ್ಚಿಸಿಕೊಂಡ ಮದುಮಗ ತಾಳಿ ಕಟ್ಟುವವರೆಗೂ ಕಬ್ಬಿಣ ಬಿಟ್ಟಿರಬಾರದು ಎಂಬುದು ಅವರ ಕಡೆಯ ನಂಬಿಕೆ. ಅವರ ಮನೆಯ ಗಂಡುಮಕ್ಕಳೆಲ್ಲ ಇದೇ ಕಟಾರಿ ಹಿಡಿದು ಮದುವೆಯಾದವರು. ಮೈಸೂರಿನವಳಾದ ನಾನು ಅದನ್ನು ನೋಡಿದ್ದು ಅದೇ ಮೊದಲು. ತಾಯಿ ಅದರ ತುದಿಗೆ ನಿಂಬೆಹಣ್ಣು ಚುಚ್ಚಿ, ಮಗನ ಜುಬ್ಬಾದೊಳಗೆ ಸೊಂಟಕ್ಕೆ ಸಿಕ್ಕಿಸಿ, "ಯಾರಿಗೂ ಕಾಣಿಸಬ್ಯಾಡ" ಎಂದರು.

ಆ ಮಧ್ಯಾಹ್ನ ಸೆರಂಗೂನ್‌ನಲ್ಲಿ, ಮದುಮಗಳ ಕಾಂಡೋ ಅಪಾರ್ಟ್ಮೆಂಟಿನಲ್ಲಿ, ಮದುವೆಯ ನೋಂದಣಿ ಇತ್ತು. ಸಾಕ್ಷಿಗಳು ಇಬ್ಬರು: ನಾನು ಮತ್ತು ಹುಡುಗನ ತಂದೆ. ಮೂವರೂ ಎಂಆರ್‌ಟಿ ರೈಲು ಸ್ಟೇಷನ್ನಿಗೆ ನಡೆದೆವು. ಗೇಟಿನ ಹತ್ತಿರ ಮೇಜು ಹಾಕಿ ಕೆಲವರನ್ನು ನಿಲ್ಲಿಸಿ ತಪಾಸಣೆ ಮಾಡುತ್ತಿದ್ದರು. ಸಮವಸ್ತ್ರದ ಹೆಂಗಸು ನನ್ನ ಬ್ಯಾಗಿನೊಳಗೆ ಇಣುಕಿ ಕಳಿಸಿದಳು. ಹುಡುಗನ ಮೈಮೇಲೆ ಲೋಹ ಪತ್ತೆ ಮಾಡುವ ಕೈಯಂತ್ರ ಆಡಿಸಿದಾಗ ಅದು ಕೂಗಿತು.

"ಬೆಲ್ಟ್ ಆ?" ಎಂದಳು ನಗುತ್ತ.

ಅವನು ಜುಬ್ಬಾ ಎತ್ತಿ, ಎರಡು ಬೆರಳಲ್ಲಿ ಕಟಾರಿ ಹೊರತೆಗೆದು ಮೇಜಿನ ಮೇಲಿಟ್ಟ. ನಿಂಬೆಹಣ್ಣು ಇನ್ನೂ ತುದಿಯಲ್ಲೇ ಇತ್ತು. ಅವಳ ನಗು ನಿಂತಿತು. ಹಿಂದಿದ್ದವರು ತಾವಾಗಿಯೇ ದೂರ ಸರಿದರು. ಪೊಲೀಸರು ಬಂದರು, ಯಾರೂ ಕೂಗಾಡಲಿಲ್ಲ.

ತಂದೆ ಮುಂದೆ ಬಂದರು. ಮಗನಿಗೆ ನೆರವಾಗಲೆಂದೇ ಬಂದರು, ಅದರಲ್ಲಿ ನನಗೆ ಸಂದೇಹವಿಲ್ಲ. ತಮಗೆ ಬರುವ ಇಂಗ್ಲಿಷಿನಲ್ಲಿ, ಎದೆ ಮುಟ್ಟಿಕೊಂಡು, ನನ್ನ ಗನ್ನು ಪೊಲೀಸ್ ಸ್ಟೇಷನ್ನಿನಲ್ಲಿದೆ, ನಾವು ತಂದದ್ದು ಇದೊಂದೇ ಎಂದರು.

"ಅಪ್ಪಾ, ಪ್ಲೀಸ್, ಸುಮ್ನಿರು!" ಎಂದ ಹುಡುಗ.

"ಯಾಕ? ಖರೇ ಹೇಳಾಕತ್ತೀನಿ. ಇದೇನ್ ಆಯುಧೇನು? ಇದು ಶಾಸ್ತ್ರ."

ಗನ್ನು ಎಂಬ ಮಾತು ಬಿದ್ದ ಮೇಲೆ ನಮ್ಮ ಮೂವರನ್ನೂ ಬೇರೆ ಬೇರೆ ಕೂರಿಸಿದರು. ಈ ಊರಿನಲ್ಲಿ ಸರಿಯಾದ ಕಾರಣವಿಲ್ಲದೆ ಚೂರಿ ಇಟ್ಟುಕೊಂಡು ಹೊರಗೆ ತಿರುಗಿದರೆ ಜೈಲಿದೆ, ಬೆತ್ತದ ಏಟೂ ಇದೆ ಎಂಬುದು ಇಲ್ಲಿ ಬಹಳ ವರ್ಷದಿಂದ ಇರುವ ನನಗೆ ಗೊತ್ತು. ಮದುವೆ ನಿಲ್ಲುವುದು ಆಮೇಲಿನ ಮಾತು. ಹುಡುಗ ಮನೆಗೆ ಬರುತ್ತಾನೋ ಇಲ್ಲವೋ ಎನ್ನುವುದೇ ನನ್ನ ತಲೆಯಲ್ಲಿತ್ತು.

ಠಾಣೆಯಲ್ಲಿ ಹೇಳಿಕೆ ಬರೆದುಕೊಂಡ ಅಧಿಕಾರಿ ನನಗಿಂತ ಕಿರಿಯ. ಅದನ್ನು ಬಟ್ಟೆಯೊಳಗೆ ಇಡುವುದನ್ನು ನೋಡಿದಿರಾ ಎಂದು ಕೇಳಿದ. ನೋಡಿದೆ ಎಂದೆ. ಇಟ್ಟವರು ಯಾರು? ತಾಯಿ. ಏನು ಹೇಳಿ ಇಟ್ಟರು?

ಇಲ್ಲಿ ನಾನು ತಡವರಿಸಿದೆ. ಯಾರಿಗೂ ಕಾಣಬಾರದು ಎಂದರು ಅಂತ ಹೇಳಿದರೆ ಅದು ಸತ್ಯ. ಆದರೆ ಆ ಕೋಣೆಯಲ್ಲಿ, ಆ ಭಾಷೆಯಲ್ಲಿ, ಅದು ಬಚ್ಚಿಟ್ಟ ಅಪರಾಧದಂತೆ ಕೇಳುತ್ತದೆ. ಹೇಳದೆ ಬಿಟ್ಟು, ಹುಡುಗ ತನ್ನ ಹೇಳಿಕೆಯಲ್ಲಿ ಹೇಳಿಬಿಟ್ಟಿದ್ದರೆ ಇಬ್ಬರನ್ನೂ ನಂಬುವುದಿಲ್ಲ. ಹೇಳಿದೆ. ಆಮೇಲೆ, ದೃಷ್ಟಿ ಎಂದರೇನು, ಮದುಮಗನಿಗೆ ಅದು ತಾಗುತ್ತದೆಂದು ಯಾಕೆ ಹೆದರುತ್ತಾರೆ, ನಿಂಬೆಹಣ್ಣು ಏಕೆ, ಕಬ್ಬಿಣ ಏಕೆ ಎಂದು ಒಂದೊಂದಾಗಿ ಹೇಳಿದೆ. ನಾನೇ ಪೂರ್ತಿ ನಂಬದ ಸಂಗತಿಯನ್ನು ಅಷ್ಟು ಶ್ರದ್ಧೆಯಿಂದ ಯಾರಿಗೂ ಎಂದೂ ಹೇಳಿರಲಿಲ್ಲ. ಅವನು ಟೈಪ್ ಮಾಡುತ್ತಲೇ ಇದ್ದ. ಕೊನೆಗೆ, ಹಾಗಾದರೆ ಹಣ್ಣು ತೆಗೆಯದೆ ಇದರಿಂದ ಚುಚ್ಚಲು ಆಗುವುದಿಲ್ಲ ಅಲ್ಲವೇ, ಎಂದು ತನಗೇ ಹೇಳಿಕೊಂಡವನಂತೆ ಹೇಳಿ, ಅದನ್ನೂ ಬರೆದುಕೊಂಡ.

ಕಟಾರಿಯನ್ನೂ ಹುಡುಗನ ಪಾಸ್‌ಪೋರ್ಟನ್ನೂ ಇಟ್ಟುಕೊಂಡರು. ನಾನು ಪಿಆರ್, ಅಂದರೆ ಇಲ್ಲಿನ ಕಾಯಂ ನಿವಾಸಿ, ಆದ್ದರಿಂದ ಜಾಮೀನಿಗೆ ನಿಂತೆ. ತನಿಖೆ ಮುಗಿಯುವವರೆಗೆ ಕರೆದಾಗ ಬರಬೇಕು ಎಂದರು. ಮದುಮಗಳ ಮನೆಯವರು ನೋಂದಣಿಯನ್ನು ಭಾನುವಾರ ಬೆಳಿಗ್ಗೆಗೆ ಹಾಕಿದರು.

ಮನೆಗೆ ಬಂದಾಗ ತಾಯಿ ಅತ್ತು ಮುಗಿಸಿದ್ದರು. "ನನ್ನನ್ನ ಹಿಡೀರಿ ಅಂತ ಹೇಳಬೇಕಿತ್ತಲ್ಲ," ಎಂದು ಗಂಡನನ್ನು ಬೈದರು. ಅವರು ಎದ್ದು, ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದ ಆಯಸ್ಕಾಂತದ ಬೊಂಬೆ ಕಿತ್ತುಕೊಂಡು ಮನೆಯಲ್ಲಿದ್ದ ವಸ್ತುಗಳಿಗೆ ಒಂದೊಂದಾಗಿ ತಾಗಿಸತೊಡಗಿದರು. ಚಮಚಕ್ಕೆ ಅಂಟಲಿಲ್ಲ, ಬೀಗದ ಕೀಲಿಗೂ ಅಂಟಲಿಲ್ಲ. ಕತ್ತರಿಯನ್ನು ತಾವೇ ದೂರ ಸರಿಸಿದರು: "ಚೂಪಂದು ಬ್ಯಾಡ." ಕಡೆಗೆ ಅಂಟಿದ್ದು, ಮಂಚ ಜೋಡಿಸಲು ಅದರ ಜೊತೆ ಬಂದಿದ್ದ, ಬೆರಳುದ್ದದ ಬಾಗಿದ ಅಲೆನ್ ಕೀ.

"ಇದು ಕಬ್ಬಿಣನ?" ಎಂದರು ಹೆಂಡತಿ.

"ಹಿಡ್ಕೊಂಡದ, ನೋಡು."

ಭಾನುವಾರ ಹುಡುಗ ಆ ಅಲೆನ್ ಕೀಗೆ ಸಣ್ಣದೊಂದು ನಿಂಬೆಹಣ್ಣು ಚುಚ್ಚಿಕೊಂಡೇ ತಾಳಿ ಕಟ್ಟಿದ. ಈ ಸಲ ಅದನ್ನು ಎಲ್ಲರಿಗೂ ಕಾಣುವಂತೆ ಕೈಯಲ್ಲೇ ಹಿಡಿದಿದ್ದ. ಮದುಮಗಳ ಗೆಳತಿಯರು, "ಏನ್ ಸರ್, ಮಂಟಪ ಲೂಸ್ ಆಗಿದ್ಯಾ?" ಎಂದು ನಗಿಸಲು ನೋಡಿದರು. ಅವನು ನಕ್ಕ. ಫೋನ್ ಸದ್ದಾದಾಗಲೆಲ್ಲ ನನ್ನ ಕಡೆ ನೋಡುತ್ತಿದ್ದ.

ಪೊಲೀಸರ ಕರೆ ಬರಲು ವಾರಗಳೇ ಹಿಡಿದವು. ಕರೆಸಿ, ಕಟು ಎಚ್ಚರಿಕೆ ಕೊಟ್ಟು, ಪಾಸ್‌ಪೋರ್ಟ್ ಹಿಂದಿರುಗಿಸಿದರು. ಕಟಾರಿ ಕೊಡಲಿಲ್ಲ. ನಾವೂ ಕೇಳಲಿಲ್ಲ. ಠಾಣೆಯಿಂದ ಹೊರಗೆ ಬಂದು ನಾನೂ ಹುಡುಗನೂ ಬಸ್ ಸ್ಟಾಪಿನಲ್ಲಿ ಕುಳಿತು ಎರಡು ಬಸ್ ಬಿಟ್ಟೆವು.

ತಂದೆತಾಯಿ ಟಿಕೆಟ್ ಮುಂದಕ್ಕೆ ಹಾಕಿಸಿಕೊಂಡು ಅಲ್ಲಿಯವರೆಗೆ ಕಾದಿದ್ದರು. ಹೊರಡುವ ದಿನ ಏರ್‌ಪೋರ್ಟಿಗೆ ನಾನೂ ಹೋದೆ. ಪೆಟ್ಟಿಗೆಗಳು ಬೆಲ್ಟಿನ ಮೇಲೆ ಹೋಗುವ ಮುಂಚೆ ತಂದೆ ನನ್ನನ್ನು ಪಕ್ಕಕ್ಕೆ ಕರೆದು ಅಂಗೈ ಬಿಚ್ಚಿದರು. ಅಲೆನ್ ಕೀ.

"ಸಣ್ಣ ಮಗನ ಲಗ್ನಕ್ಕ ಬೇಕಾಗ್ತದ. ಇನ್ನ ನಮಗ ಇದ ಕಟಾರಿ," ಎಂದರು. ಆಮೇಲೆ ದನಿ ತಗ್ಗಿಸಿ, "ಇದಕ್ಕೇನರ ಪರವಾನಗಿ ಬೇಕೇನ್ರಿ?"

ನಗು ಬರಲಿಲ್ಲ. ಬೇಡ ಎಂದು ನಾನಾಗಿ ಹೇಳುವಷ್ಟು ಖಾತ್ರಿಯೂ ನನಗಿರಲಿಲ್ಲ.

"ಕೇಳೇಬಿಡೋಣ ಅಂಕಲ್," ಎಂದೆ. ಇಬ್ಬರೂ ಹೋಗಿ ವಿಚಾರಣೆಯ ಕೌಂಟರಿನ ಸಾಲಿನಲ್ಲಿ ನಿಂತೆವು. ಅವರು ಅಂಗೈಯನ್ನು ಮುಚ್ಚದೆ, ಎದುರಿಗಿದ್ದವರಿಗೆಲ್ಲ ಕಾಣುವಂತೆ, ಮುಂದಕ್ಕೆ ಚಾಚಿಯೇ ಹಿಡಿದಿದ್ದರು.