ಮುನಿರತ್ನಮ್ಮನ ಕೊಡೆ, ಬೈರಪ್ಪನ ಸೈರನ್

ಬೆಳಗಿನ ಹೊತ್ತು ಬಂಗಾರಪೇಟೆಯಲ್ಲಿ ವ್ಯಾನು ಓಡಿಸುವ ಚಲಪತಿಗೆ ತಲೆ ಖರ್ಚು ಮಾಡಬೇಕಾದ ಜಾಗ ಒಂದೇ. ಅದು ಅರಳೀಮರದ ಸರ್ಕಲ್ಲು. ಅಲ್ಲಿಂದ ಕೆಜಿಎಫ್ ಕಡೆಗೆ ಹೊರಬೀಳಲು ಮೂರು ದಾರಿಗಳಿದ್ದವು. ನೇರ ಹೋದರೆ ಮಾರ್ಕೆಟ್ ರಸ್ತೆ. ಟೊಮೆಟೊ ತಂದ ಟೆಂಪೋಗಳು ಅಲ್ಲಿ ಎರಡೂ ಬದಿಗೆ ನಿಂತು, ನಡುವೆ ಒಂದು ಎತ್ತು ದಾಟುವಷ್ಟು ಜಾಗ ಉಳಿಸಿರುತ್ತಿದ್ದವು. ಬಲಕ್ಕೆ ಹೋದರೆ ಕೆರೆಕಟ್ಟೆಯ ದಾರಿ. ಅದು ಸುತ್ತು, ಜೊತೆಗೆ ಎರಡು ಶಾಲೆ, ಹೆಜ್ಜೆಗೊಂದು ಉಬ್ಬು. ಎಡಕ್ಕೆ ರೈಲ್ವೆ ಗೇಟಿನ ರಸ್ತೆ. ಗೇಟು ತೆರೆದಿದ್ದರೆ ಇದರಷ್ಟು ಸಲೀಸಾದ ದಾರಿ ಇನ್ನೊಂದಿಲ್ಲ. ಮುಚ್ಚಿದ್ದರೆ ಅಲ್ಲೇ ಬೇರು ಬಿಡಬೇಕು.

ತೊಂದರೆಯೇನೆಂದರೆ, ಸರ್ಕಲ್ಲಿನಲ್ಲಿ ನಿಂತು ನೋಡಿದರೆ ಗೇಟು ಕಾಣುವುದಿಲ್ಲ. ಪ್ಯಾಸೆಂಜರ್ ರೈಲುಗಳ ಹೊತ್ತು ಗೊತ್ತಿರುತ್ತದೆ, ಗೂಡ್ಸ್ ಗಾಡಿಗಳಿಗೆ ಹೊತ್ತು ಎಂಬುದೇ ಇಲ್ಲ. ಒಮ್ಮೆ ಆ ರಸ್ತೆಗೆ ಇಳಿದ ಮೇಲೆ ತಿರುಗಿಸುವುದೂ ಸುಲಭವಲ್ಲ.

ಇದಕ್ಕೆ ಚಲಪತಿ ತನ್ನದೇ ಒಂದು ಉಪಾಯ ಕಂಡುಕೊಂಡಿದ್ದ. ಗೇಟಿಗಿಂತ ಸ್ವಲ್ಪ ಈಚೆ, ರಸ್ತೆ ಬಾಗುವಲ್ಲಿ ಮುನಿರತ್ನಮ್ಮ ಹೂವು ಮಾರುತ್ತಿದ್ದಳು. ಅವಳ ಕೆಂಪು ಹಳದಿ ಕೊಡೆ ಸರ್ಕಲ್ಲಿನಿಂದಲೇ ಕಾಣುತ್ತಿತ್ತು. ಗೇಟು ಬಿದ್ದು ಗಾಡಿಗಳು ಸಾಲುಗಟ್ಟಿದರೆ ಅವಳಿಗೆ ವ್ಯಾಪಾರ. ಆಗ ಕೊಡೆ ಬಿಚ್ಚಿ, ಕಿಟಕಿ ಕಿಟಕಿಗೂ ಹೂವು ಹಿಡಿಯುತ್ತಿದ್ದಳು. ಗೇಟು ತೆರೆದರೆ ಲಾರಿಗಳು ಕೊಡೆಯನ್ನು ತರಚಿಕೊಂಡೇ ಹೋಗುತ್ತವಲ್ಲ, ಥಟ್ಟನೆ ಮಡಚಿಡುತ್ತಿದ್ದಳು. ಹಾಗಾಗಿ ಕೊಡೆ ಬಿಚ್ಚಿದ್ದರೆ ಗೇಟು ಮುಚ್ಚಿದೆ, ಮಡಚಿದ್ದರೆ ತೆರೆದಿದೆ. ಚಲಪತಿ ಇದನ್ನು ಯಾರಿಗೂ ಹೇಳಿರಲಿಲ್ಲ, ಮುನಿರತ್ನಮ್ಮನಿಗೂ. ವ್ಯಾನಿನಲ್ಲಿ ಬರುವವರು ಮಾತ್ರ ಅವನಿಗೆ ರೈಲ್ವೆಯಲ್ಲಿ ಯಾರೋ ನೆಂಟರಿದ್ದಾರೆಂದು ನಂಬಿದ್ದರು.

ಅಂದು ಮಾತ್ರ ದಾರಿ ತಪ್ಪುವ ಹಾಗಿರಲಿಲ್ಲ. ಅದು ಬೈರಪ್ಪನ ಕೊನೆಯ ಪಾಳಿ. ಚಲಪತಿ ಕೆಜಿಎಫ್‌ನ ಕಾರ್ಖಾನೆ ಬಾಡಿಗೆಗೆ ಹಿಡಿದ ಸ್ಟಾಫ್ ವ್ಯಾನಿನ ಸ್ಟೀರಿಂಗ್ ಹಿಡಿದಂದಿನಿಂದ ಅವನ ಪಕ್ಕದ ಸೀಟಿನಲ್ಲಿ ಕೂತು ಬರುತ್ತಿದ್ದವನು ಬೈರಪ್ಪ. ಎರಕ ಹೊಯ್ಯುವ ಫೌಂಡ್ರಿಯಲ್ಲಿ ಕೆಲಸ. ಹಿಂದೆ ಕೂತವರೆಲ್ಲ ದಾರಿ ಹೇಳುವವರೇ. ಬೈರಪ್ಪ ಮಾತ್ರ ಒಂದು ದಿನವೂ ಎಡ, ಬಲ ಎಂದವನಲ್ಲ.

ಕಾರ್ಖಾನೆಯಲ್ಲಿ ಒಂದು ಪದ್ಧತಿಯಿತ್ತು. ನಿವೃತ್ತನಾಗುವವನು ಕೊನೆಯ ದಿನ ಬೆಳಗಿನ ಸೈರನ್ ಒತ್ತಬೇಕು. ಇಷ್ಟು ವರ್ಷ ಅದಕ್ಕೆ ಹೆದರಿ ಓಡಿಬಂದವನು ಅಂದು ಊರನ್ನೇ ಓಡಿಸಬಹುದು. ಶಾಲು, ಹಣ್ಣಿನ ಬುಟ್ಟಿ, ಭಾಷಣ ಎಲ್ಲ ಸಂಜೆಗೆ. ಅವಕ್ಕೆ ಯಾರೂ ಅಷ್ಟು ಬೆಲೆ ಕೊಡುತ್ತಿರಲಿಲ್ಲ. ಆದರೆ ಸೈರನ್ ಯಾರಿಗೂ ಕಾಯುವುದಿಲ್ಲ. ನಿವೃತ್ತನಾಗುವವನು ಬರದಿದ್ದರೆ ಸೆಕ್ಯುರಿಟಿಯವರು ದಿನದಂತೆ ಒತ್ತಿಬಿಡುತ್ತಾರೆ. ಮರುದಿನ ಎಂಬುದು ಅವನಿಗಿಲ್ಲ.

ಬಸ್ ನಿಲ್ದಾಣದಲ್ಲಿ ಬೈರಪ್ಪ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ಹತ್ತಿದ.

"ಏನ್ ಬೈರಣ್ಣ, ಮದುವೆ ಗಂಡಿನಂಗೆ ಬಂದಿದ್ದೀಯ?" ಎಂದ ಚಲಪತಿ.

"ನಿಮ್ ಅತ್ತಿಗೆ ಬಲವಂತ ಕಣ್ಲಾ. ಫೌಂಡ್ರೀಲಿ ಮಧ್ಯಾನಕ್ಕೆಲ್ಲ ಇದು ಕರ್ರಗಾಯ್ತದೆ ಅಂದ್ರೂ ಕೇಳ್ಲಿಲ್ಲ. ಬೇಗ ನಡಿ, ಇವತ್ತೊಂದಿನ ಲೇಟ್ ಮಾಡ್ಬೇಡ."

ಹಿಂದಿನ ಸೀಟಿನಿಂದ ರೂಪೇಶ್ ಮುಂದಕ್ಕೆ ಬಾಗಿದ. ಅವನು ದಾವಣಗೆರೆಯ ಕಡೆಯ ಹುಡುಗ, ಡಿಸೈನ್ ವಿಭಾಗದ ಇಂಜಿನಿಯರು. ಅವನ ಫೋನಿನಲ್ಲಿ ಬಂಗಾರಪೇಟೆಯ ಬೀದಿಗಳೆಲ್ಲ ಬಣ್ಣ ಬಳಿದುಕೊಂಡು ಕೂತಿರುತ್ತಿದ್ದವು.

"ಚಲಪತಿಯವರೇ, ಗೇಟಿನ ರಸ್ತೆ ಕೆಂಪಗಿದೆ. ಕೆರೆಕಟ್ಟೆ ಮೇಲೆ ಹೋಗೋಣ."

ಸರ್ಕಲ್ಲು ಬಂತು. ಚಲಪತಿ ಎಡಕ್ಕೆ ಕಣ್ಣು ಹಾಯಿಸಿದ. ಕೊಡೆ ಮಡಚಿತ್ತು, ಗೋಡೆಗೆ ಒರಗಿತ್ತು.

"ನಿಮ್ ಫೋನು ಇನ್ನೂ ನಿದ್ದೆಗಣ್ಣಲ್ಲಿದೆ ಸಾರ್," ಎಂದು ಎಡಕ್ಕೆ ತಿರುಗಿಸಿದ.

ಬಾಗು ದಾಟಿದರೆ ಗೇಟು ಮುಚ್ಚಿತ್ತು. ಮುಂದೆ ಕಾರು, ಆಟೊ, ಹಾಲಿನ ವ್ಯಾನುಗಳ ಸಾಲು. ಬ್ರೇಕು ಒತ್ತುವಷ್ಟರಲ್ಲಿ ಹಿಂದೆ ಒಂದು ಟ್ರ್ಯಾಕ್ಟರು ಬಂದು ನಿಂತಿತು. ಚಲಪತಿ ಕೊಡೆಯನ್ನು ಕನ್ನಡಿಯಲ್ಲಿ ಮತ್ತೊಮ್ಮೆ ನೋಡಿದ. ಮಡಚಿಯೇ ಇತ್ತು. ಅದರ ಪಕ್ಕ ಇರಬೇಕಾದ ಮುನಿರತ್ನಮ್ಮ ಮಾತ್ರ ಇರಲಿಲ್ಲ. ಅದನ್ನು ಅವನು ಸರ್ಕಲ್ಲಿನಲ್ಲೇ ಗಮನಿಸಬೇಕಾಗಿತ್ತು.

ವ್ಯಾನಿನಲ್ಲಿ ಯಾರೂ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು. ಎಲ್ಲರೂ ಬೈರಪ್ಪನ ಬಿಳಿ ಅಂಗಿಯ ಬೆನ್ನನ್ನೇ ನೋಡುತ್ತಿದ್ದರು. ಹಳಿಯ ಮೇಲೆ ಗೂಡ್ಸ್ ಗಾಡಿಯೊಂದು ಕಂಡಿತು. ಓಡುತ್ತಿರಲಿಲ್ಲ, ತೆವಳುತ್ತಿತ್ತು.

"ಕ್ಷಮಿಸು ಬೈರಣ್ಣ," ಎಂದ ಚಲಪತಿ. "ತಿರುಗಿಸ್ತೀನಿ ಇರು. ಟ್ರ್ಯಾಕ್ಟರ್‌ನೋನಿಗೆ ಸ್ವಲ್ಪ ಹಿಂದಕ್ಕೋಗು ಅಂತೀನಿ."

ಆಗಲೇ ಮುಂದಿನ ಎರಡು ಕಾರುಗಳು, ಒಂದಷ್ಟು ಆಟೊಗಳು ಸಾಲು ಬಿಟ್ಟು, ಹಾರನ್ ಬಾರಿಸುತ್ತ ಸರ್ಕಲ್ಲಿನ ಕಡೆಗೆ ವಾಪಸು ಹೊರಟಿದ್ದವು. ಬೈರಪ್ಪ ಅವನ್ನು ಕಿಟಕಿಯಿಂದ ನೋಡಿದ. ಆಮೇಲೆ, ಗೇರಿನ ಮೇಲಿದ್ದ ಚಲಪತಿಯ ಕೈಮೇಲೆ ತನ್ನ ಕೈ ಇಟ್ಟ.

"ಬ್ಯಾಡ, ತಿರುಗಿಸ್ಬೇಡ. ಅವ್ರೆಲ್ಲ ಮಾರ್ಕೆಟ್ಟಿಗೆ ಓಗ್ತಾವ್ರೆ. ನಾವೂ ಓಗಿ ಅವ್ರ ಬೆನ್ನಿಂದೆ ನಿಂತ್ಕಂಡ್ರೆ ಏನು ಬಂತು? ಇಲ್ಲೇ ಇದ್ರೆ ಮುಂದೆ ಇರೋರು ಕಮ್ಮಿ ಆಯ್ತಾರೆ."

ಇಷ್ಟು ವರ್ಷಗಳಲ್ಲಿ ಅವನು ದಾರಿಯ ಬಗ್ಗೆ ಆಡಿದ ಮೊದಲ ಮಾತು ಅದು, ಅದೂ ಎಲ್ಲಿಗೂ ಹೋಗಬೇಡ ಎಂದು. ಚಲಪತಿಗೆ ಏನು ಮಾಡಲೂ ತೋಚಲಿಲ್ಲ. ರೂಪೇಶನ ಕಡೆ ತಿರುಗಿದ.

"ಫೋನು ಏನನ್ನುತ್ತೆ ಸಾರ್?"

ರೂಪೇಶ್ ಪರದೆಯನ್ನು ಎರಡು ಬೆರಳಲ್ಲಿ ಹಿಗ್ಗಿಸಿ ನೋಡಿದ. ಅವನಿಗೆ ಈಗ ಗೆದ್ದವನ ಖುಷಿಯೇನೂ ಇರಲಿಲ್ಲ. "ಮಾರ್ಕೆಟ್ ರಸ್ತೆ ಇನ್ನೂ ಕಡುಗೆಂಪಾಗ್ತಾ ಇದೆ. ಗೇಟಿನಾಚೆ ಮಾತ್ರ ಪೂರ್ತಿ ಹಸಿರು. ಬೈರಣ್ಣ ಹೇಳೋದು ಸರಿ. ಕಾಯೋಣ."

ಚಲಪತಿ ಕೈ ತೆಗೆದು ತೊಡೆಯ ಮೇಲಿಟ್ಟುಕೊಂಡ.

ಅಷ್ಟರಲ್ಲಿ ವ್ಯಾನಿನ ಬದಿಯನ್ನು ಯಾರೋ ದಬದಬ ಬಡಿದರು. ಮುನಿರತ್ನಮ್ಮ. ಏದುಸಿರು ಬಿಡುತ್ತಿದ್ದಳು, ಕೈಯಲ್ಲಿ ತೋಳುದ್ದದ ಸೇವಂತಿಗೆ ಹಾರ.

"ಅಯ್ಯೋ ದೇವ್ರೇ, ಬಸ್ಟಾಂಡ್‌ಗಂಟ ಓಡ್ದೆ ಕಣಣ್ಣ ನಾನು! ಬೈರಣ್ಣ ಬರಂಗಿಲ್ಲ ನಾಳೆಯಿಂದ ಅಂತ ನಿನ್ನೆ ಯಾರೋ ಅಂದ್ರು. ದಿನಾ ಸಂಜೆ ಹೆಂಡ್ರಿಗೆ ಕನಕಾಂಬರ ತಗಂಡೋಗೋ ಮನುಷ್ಯ, ಬರಿಗೈಲಿ ಕಳ್ಸಾಕೆ ಆಯ್ತದಾ? ಅಲ್ಲೋದ್ರೆ ವ್ಯಾನು ಓಯ್ತು ಅಂದ್ರು. ನೋಡಿದ್ರೆ ನಮ್ ಅಂಗಡಿ ಮುಂದೇನೇ ನಿಂತವ್ರೆ!"

"ಕೊಡೆ ಯಾಕಕ್ಕ ಮಡಚಿದ್ದೆ?" ಚಲಪತಿಯ ದನಿ ಅಳುವವನ ಹಾಗಿತ್ತು.

"ಬಿಚ್ಚಿಟ್ಟು ಓದ್ರೆ ಗಾಳಿಗೆ ಆರೋಗಲ್ವಾ? ಅದ್ಯಾಕೆ ಕೇಳ್ತೀಯ?"

ಚಲಪತಿ ಬಾಯಿ ಬಿಡಲೇಬೇಕಾಯಿತು. ಕೊಡೆಯ ಗುಟ್ಟು ಕೇಳಿ ಹಿಂದಿನ ಸೀಟಿನವರೆಗೂ ನಗೆ ಹಬ್ಬಿತು.

"ನನ್ ಕೊಡೆ ನೋಡ್ಕಂಡು ಇಷ್ಟು ಜನ ಆಫೀಸರ್‌ಗಳ್ನ ಓಡಿಸ್ತಾ ಇದ್ಯಾ ಇಷ್ಟು ದಿನ?" ಮುನಿರತ್ನಮ್ಮ ಸೊಂಟದ ಮೇಲೆ ಕೈಯಿಟ್ಟಳು. "ನಾನು ಕಾಯಿಲೆ ಬಿದ್ದು ಮನೇಲಿದ್ರೆ ಇವ್ರು ಎಲ್ಲಿಗೋಗ್ಬೇಕಿತ್ತು, ಆಂಧ್ರಕ್ಕಾ?"

ಬೈರಪ್ಪ ಎಲ್ಲರಿಗಿಂತ ಜೋರಾಗಿ ನಗುತ್ತ ಕಿಟಕಿಯಿಂದ ತಲೆ ಹೊರಗೆ ಚಾಚಿದ. ಮುನಿರತ್ನಮ್ಮ ಹಾರ ಹಾಕಿದಳು. ಗೂಡ್ಸ್ ಗಾಡಿಯ ಕೊನೆಯ ಡಬ್ಬಿ ದಾಟಿತು, ಗೇಟಿನ ಕಂಬ ಮೇಲೆದ್ದಿತು.

ಮುಂದಿದ್ದವರಲ್ಲಿ ಬಹುಪಾಲು ಮಾರ್ಕೆಟ್ಟಿನ ಪಾಲಾಗಿದ್ದರು. ಉಳಿದ ನಾಲ್ಕಾರು ಗಾಡಿಗಳ ಹಿಂದೆ ವ್ಯಾನು ಹಳಿ ದಾಟಿತು. ಆಚೆ ರಸ್ತೆ ಫೋನು ಹೇಳಿದಷ್ಟೇ ಹಸಿರಾಗಿತ್ತು. ಚಲಪತಿ ಆಮೇಲೆ ಎಲ್ಲಿಯೂ ಆಕ್ಸಿಲರೇಟರ್ ಮೇಲಿನ ಕಾಲು ಎತ್ತಲಿಲ್ಲ. ಕೆಜಿಎಫ್‌ನ ಹಳೆಯ ಗಣಿಯ ಮಣ್ಣಿನ ಸಯನೈಡ್ ಗುಡ್ಡಗಳು ಕಂಡಾಗ ರೂಪೇಶ್ ಗಡಿಯಾರ ನೋಡಿದ.

ಕಾರ್ಖಾನೆಯ ಬಾಗಿಲಲ್ಲಿ ಸೆಕ್ಯುರಿಟಿಯವನು ಹೊರಗೆ ಬಂದು ನಿಂತಿದ್ದ. ವ್ಯಾನು ನಿಲ್ಲುವ ಮೊದಲೇ ಕೈ ಬೀಸಿ ಕರೆದ. ಬೈರಪ್ಪ ಹಾರ ತೆಗೆಯುವುದನ್ನೂ ಮರೆತು ಇಳಿದು, ಅರ್ಧ ನಡೆದು ಅರ್ಧ ಓಡಿ ಒಳಗೆ ಹೋದ. ಬೆನ್ನ ಹಿಂದೆ ದಾರಿಯುದ್ದಕ್ಕೂ ಸೇವಂತಿಗೆಯ ಎಸಳು.

ಬಾಡಿಗೆ ವ್ಯಾನಿನ ಡ್ರೈವರಿಗೆ ಒಳಗೆ ಪ್ರವೇಶವಿಲ್ಲ. ಚಲಪತಿ ಬೇವಿನ ಮರದ ಕೆಳಗೆ ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ಕಾದ.

ಸೈರನ್ ಎದ್ದಿತು. ದಿನದಂತೆಯೇ ನೆಲದಿಂದ ಎದ್ದಂತೆ ಸಣ್ಣಗೆ ಶುರುವಾಗಿ, ಏರಿ, ಮೇಲೆ ನಿಂತಿತು. ಬೇರೆ ದಿನವಾದರೆ ಇಷ್ಟು ಹೊತ್ತಿಗೆ ಇಳಿಯಬೇಕು. ಇಳಿಯಲಿಲ್ಲ. ಬೇವಿನ ಮರದ ಕಾಗೆಗಳು ಹಾರಿದವು. ಟೀ ಅಂಗಡಿಯವರು ಲೋಟ ಹಿಡಿದುಕೊಂಡೇ ಬಾಗಿಲ ಕಡೆ ನೋಡಿದರು. ಸೈರನ್ ಕೂಗುತ್ತಲೇ ಇತ್ತು. ಕೊನೆಗೆ ಯಾರೋ ಒಳಗೆ ಬೈರಪ್ಪನ ಕೈ ಬಿಡಿಸಿರಬೇಕು, ಮನಸ್ಸಿಲ್ಲದ ಮನಸ್ಸಿನಿಂದ ಇಳಿಯಿತು.

ಚಲಪತಿಯ ಫೋನು ಹೊಡೆದುಕೊಂಡಿತು. ಅಲ್ಲೇ ಕೆಜಿಎಫ್‌ನ ಆಂಡರ್ಸನ್‌ಪೇಟೆಯ ಮನೆಯಿಂದ ಹೆಂಡತಿ ತ್ರಿವೇಣಿ. ಸೈರನ್ ಶುರುವಾದಾಗ ಹಾಲನ್ನು ಒಲೆಗಿಟ್ಟು, ಅದು ನಿಂತಾಗ ಉರಿ ಸಣ್ಣ ಮಾಡಿ ಬಟ್ಟೆ ಒಣಹಾಕಲು ಹೋಗುವುದು ಅವಳ ಲೆಕ್ಕ.

"ಏನ್ರೀ ಅದು, ನಿಲ್ತಾನೇ ಇಲ್ಲ! ಈಗ ನಿಲ್ಲುತ್ತೆ ಈಗ ನಿಲ್ಲುತ್ತೆ ಅಂತ ಕಿಟಕೀಲಿ ನಿಂತಿದ್ದೆ, ಇಲ್ಲಿ ಹಾಲೆಲ್ಲ ಉಕ್ಕಿ ಒಲೆ ಆರೋಯ್ತು. ಯಾರ್ರೀ ಒತ್ತಿದ್ದು ಇವತ್ತು?"

"ನಮ್ ಬೈರಣ್ಣ," ಎಂದ ಚಲಪತಿ.

"ಓ, ಒತ್ತೋಕೆ ಸಿಕ್ತಾ ಅವ್ರಿಗೆ?" ಎಂದಳು ತ್ರಿವೇಣಿ. "ಅಂಗಾದ್ರೆ ಉಕ್ಲಿ ಬಿಡಿ."